ಚೀಟಿಯಲ್ಲಿ ಬಂದ ಹೆಸರು

20-3-88, ಭಾನುವಾರ

ಹುಲಿಗೆಮ್ಮ ದೇವಿಯ ಹಿತ್ತಾಳೆಯ ಮುಖ ಕಾಲುವೆಗೆ ಬಿದ್ದಿರಲಿಲ್ಲ. ಅಪ್ಪ ತೆಗೆದಿಟ್ಟುಕೊಂಡಿದ್ದ. ನಾನು ನೋಡಿದ್ದೆ. ಮೂರು ವರ್ಷವಾಯಿತು, ಯಾರಿಗೂ ಹೇಳಿಲ್ಲ. ಸುಳ್ಳು ಹೇಳಿದೆ ಎಂದಲ್ಲ — ಯಾರೂ ಕೇಳಿರಲಿಲ್ಲ.

ಇವತ್ತು ಕೇಳಿದಂತೆ ಆಯಿತು.

ಎಂದಿನಂತೆ ಪ್ರಾರ್ಥನೆಯ ಗುಡಿಸಲಿನ ಕಸ ಹೊಡೆದು, ಚಾಪೆ ಹಾಸಿ, ಓದಬೇಕಾದ ಪುಟಕ್ಕೆ ದಾರ ಇಟ್ಟು ಕೂತಿದ್ದೆ. ಕೇರಿಯಲ್ಲಿ ತಡವರಿಸದೆ ಓದುವವನು ನಾನೊಬ್ಬನೇ. ಹಾಗೆಂದು ಹೆಚ್ಚೇನೂ ಓದಿಲ್ಲ, ಒಂಬತ್ತನೇ ಕ್ಲಾಸಿಗೆ ಬಿಟ್ಟೆ. ಶಾಲೆಗೆ ಇನ್‌ಸ್ಪೆಕ್ಟರ್ ಬಂದಾಗ ಈ ಪಾಠ ಆಗಿದೆಯೇ ಎಂದು ಕೇಳಿದರು. ಆಗಿಲ್ಲ ಎಂದೆ. ಆಮೇಲೆ, ಆಗಿದೆ ಎಂದಿದ್ದ ಮಾಸ್ತರರ ಕೈಯಲ್ಲಿ ಉಳಿಯುವುದು ಆಗಲಿಲ್ಲ.

ಪಾಸ್ಟರ್ ರತ್ನಂ ಆಂಧ್ರದವರು. ಸಿಂಧನೂರಿನ ಆಚೆ ವಲಸೆಗಾರರ ಕ್ಯಾಂಪಿನಲ್ಲಿ ಮನೆ. ಬಿಸಿಲಲ್ಲಿ ಸೈಕಲ್ ತುಳಿದು ಬಂದು, ನೀರನ್ನೂ ಕುಡಿಯದೆ ಮಾತಿಗೆ ನಿಂತರು. ಕಲ್ಲಿಗೆ, ಹಿತ್ತಾಳೆಗೆ ಅಡ್ಡಬಿದ್ದವರ ಮೇಲೆ ದೇವರು ಏನೇನು ಬರಮಾಡಿದ ಎಂಬುದರ ಮೇಲೆ. ಕೊನೆಗೆ ಹೊರಗೆ ಕೈ ಚಾಚಿ ಕೇಳಿದರು: ಈ ಸಭೆಯ ಹಿರಿಯನ ಅಂಗಳದಲ್ಲೇ ಒಬ್ಬಳ ಕೊರಳಲ್ಲಿ ಇನ್ನೂ ಮುತ್ತು ಇದೆ, ಎಲ್ಲಿಯವರೆಗೆ? ಯಾರ ಮನೆಯಲ್ಲಿ ಇನ್ನೂ ಏನೇನು ಉಳಿದಿದೆ?

ಹಿರಿಯ ಅಂದರೆ ಅಪ್ಪ. ದೀಕ್ಷಾಸ್ನಾನದಲ್ಲಿ ದಾವೀದಪ್ಪ ಎಂದು ಹೆಸರಾಯಿತು. ಮುತ್ತಿನವಳು ಅವನ ಅಕ್ಕ, ನನ್ನ ಅತ್ತೆ. ಅವಳೊಬ್ಬಳು ಮಾತ್ರ ಅವನನ್ನು ಹಳೆಯ ಹೆಸರಿನಲ್ಲೇ ಕರೆಯುತ್ತಾಳೆ — ಆದ್ಯಾ.

ಅಪ್ಪ ತಲೆ ತಗ್ಗಿಸಿ ಆಮೆನ್ ಎಂದ. ಎಲ್ಲರಿಗಿಂತ ಗಟ್ಟಿಯಾಗಿ.

21-3-88

ಎಲ್ಲ ಬರೆದಿಡುತ್ತೇನೆ. ತಲೆಯಲ್ಲಿ ಇಟ್ಟುಕೊಂಡರೆ ಸುಮ್ಮನೆ ತಿರುಗುತ್ತದೆ.

ಅಜ್ಜನಿಗೆ ಗಂಡುಮಕ್ಕಳು ಉಳಿಯುತ್ತಿರಲಿಲ್ಲ. ಉಳಿದದ್ದು ಒಂದು ಹೆಣ್ಣು. ಇನ್ನೊಂದು ಗಂಡು ಹುಟ್ಟಿ ಬದುಕಿದರೆ ಈ ಹೆಣ್ಣನ್ನು ಹುಲಿಗೆಮ್ಮನಿಗೆ ಬಿಡುತ್ತೇನೆ ಎಂದು ಹರಕೆ ಹೊತ್ತ. ಅಪ್ಪ ಹುಟ್ಟಿದ, ಬದುಕಿದ. ಅಜ್ಜ ಮಾತಿಗೆ ತಪ್ಪಲಿಲ್ಲ. ಹಾಲುಹಲ್ಲು ಬೀಳುವ ವಯಸ್ಸಿನ ಅತ್ತೆಯ ಕೊರಳಿಗೆ ಕೆಂಪು ಬಿಳಿ ಮಣಿಗಳ ಸರ ಕಟ್ಟಿದರು. ಅದಕ್ಕೇ ಮುತ್ತು ಕಟ್ಟುವುದು ಅನ್ನುತ್ತಾರೆ. ಅಲ್ಲಿಗೆ ಮದುವೆ ಇಲ್ಲ, ಮನೆ ಇಲ್ಲ. ತಲೆಯ ಮೇಲೆ ಪಡಲಗಿ — ಬಿದಿರಿನ ಬುಟ್ಟಿ, ಅದರಲ್ಲಿ ಅಮ್ಮನ ಹಿತ್ತಾಳೆ ಮುಖ. ಮಂಗಳವಾರ, ಶುಕ್ರವಾರ ಮನೆಮನೆಗೆ ಹೋಗಿ ಜೋಳ ಬೇಡುವುದು. ಹರೆಯದಲ್ಲಿ ಊರೊಳಗಿನ ದೊಡ್ಡವರು ಅವಳನ್ನು ಹೇಗೆ ನಡೆಸಿಕೊಂಡರು ಎಂಬುದನ್ನು ಯಾರೂ ಹೇಳುವುದಿಲ್ಲ. ಎಲ್ಲರಿಗೂ ಗೊತ್ತು.

ಅಜ್ಜಿ ಸಾಯುವಾಗ ಅಪ್ಪನ ಕೈ ಹಿಡಿದು ಒಂದು ಮಾತು ತೆಗೆದುಕೊಂಡಳು. ನಿನ್ನ ಅಕ್ಕ ಇರುವತನಕ ಅವಳ ಗಂಜಿ ನಿನ್ನ ಮನೆಯಲ್ಲಿ. ಅಪ್ಪ ಆಗಲಿ ಎಂದ. ಆ ಮಾತಿನ ಮೇಲೆಯೇ ಅತ್ತೆ ನಮ್ಮ ಅಂಗಳದ ಗುಡಿಸಿಲಲ್ಲಿ ಇದ್ದಾಳೆ. ಪಾಸ್ಟರ್ ಹೇಳಿದ ಎಲ್ಲವನ್ನೂ ಅಪ್ಪ ಮಾಡಿದ್ದಾನೆ. ಹಲಗೆ ಬಾರಿಸುವುದನ್ನು ಬಿಟ್ಟ, ಸೇಂದಿ ಬಿಟ್ಟ. ಅಕ್ಕನನ್ನು ಹೊರಗೆ ಹಾಕು ಎಂದಾಗ ಮಾತ್ರ ಸುಮ್ಮನಿರುತ್ತಾನೆ.

ನಾವು ದೀಕ್ಷಾಸ್ನಾನ ತೆಗೆದುಕೊಂಡ ವರ್ಷ ಪಡಲಗಿಯನ್ನು ಕಾಲುವೆಯ ಏರಿ ಮೇಲೆ ಸುಟ್ಟರು. ಸುಡದೆ ಉಳಿಯುವುದನ್ನು ನೀರಿಗೆ ಹಾಕು ಎಂದರು. ಅಪ್ಪ ಮುಖವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕೆಳಗಿಳಿದ. ನಾನು ತೂಬಿನ ಹತ್ತಿರ ಈಜಲು ಇಳಿದಿದ್ದೆ, ಅವನಿಗೆ ಕಾಣಲಿಲ್ಲ. ಅವನು ನೀರಿಗೆ ಎಸೆದದ್ದು ಒಂದು ಕಲ್ಲು. ಮುಖ ಪಂಚೆಯ ಸೊಂಟಕ್ಕೆ ಹೋಯಿತು. ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಹಿತ್ತಲಿನ ಒಡೆದ ಒರಳುಕಲ್ಲಿನ ಕೆಳಗೆ ಮಣ್ಣು ಹೊಸದಾಗಿತ್ತು.

ಪೂಜೆ ಮಾಡಿದ್ದನ್ನು ನೋಡಿಲ್ಲ. ಆ ಕಡೆ ತಿರುಗಿದ್ದನ್ನೂ ನೋಡಿಲ್ಲ. ಯಾಕೆ ಇಟ್ಟ, ಗೊತ್ತಿಲ್ಲ.

23-3-88, ಬುಧವಾರ

ಬುಧವಾರಗಳಂದು ಹಳೆ ಒಡಂಬಡಿಕೆ ಸಾಲಾಗಿ ಓದುತ್ತೇನೆ. ಇವತ್ತು ಯೆಫ್ತಾಹನ ಕಥೆ ಬಂತು. ಯುದ್ಧ ಗೆಲ್ಲಿಸಿದರೆ ನನ್ನ ಮನೆಯಿಂದ ಮೊದಲು ಎದುರು ಬಂದದ್ದನ್ನು ನಿನಗೆ ಬಲಿ ಕೊಡುತ್ತೇನೆ ಎಂದು ದೇವರಿಗೆ ಮಾತು ಕೊಟ್ಟವನು. ಎದುರು ಬಂದದ್ದು ಮಗಳು, ಕುಣಿಯುತ್ತ. ಅವನು ಮಾತು ಉಳಿಸಿಕೊಂಡ.

ಪಾಸ್ಟರ್ ಮೊದಲೇ ಹೇಳಿ ಕಳಿಸಿದ್ದರು, ಆ ಭಾಗ ಬಿಟ್ಟು ಮುಂದೆ ಓದು ಎಂದು. ಬಿಡಲಿಲ್ಲ. ಇದ್ದದ್ದನ್ನು ಓದಿದೆ. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು.

ಅತ್ತೆ ಒಳಗೆ ಬರುವ ಹಾಗಿಲ್ಲ. ಗೋಡೆಯ ಹೊರಗೆ ಕೂತು ಎಲ್ಲ ಕೇಳುತ್ತಾಳೆ, ತಂಬಾಕು ಹಾಕಿಕೊಂಡು. ಹೊರಗೆ ಬಂದಾಗ ಹಿಡಿದಳು.

"ಆ ಹುಡುಗಿ ಹೆಸರೇನಲೇ ಅಂಬ್ಯಾ?"

ಪುಟ ತೆಗೆದು ನೋಡಿದೆ. "ಬರದಿಲ್ಲ ಅತ್ತಿ."

"ಅವರಪ್ಪನ ಹೆಸರು?"

"ಅದು ಬರದೈತಿ."

"ಹಂಗಾದ್ರ ನಿಮ್ಮ ದೇವರೂ ನಮ್ಮೂರಾವನ ಅದಾನ ಬಿಡು." ಉಗುಳಿ ಎದ್ದು ಹೋದಳು.

ನನ್ನನ್ನು ಅಂಬ್ಯಾ ಎನ್ನುವವಳೂ ಅವಳೊಬ್ಬಳೇ. ಉಳಿದವರಿಗೆ ನಾನು ಸಮುವೇಲ.

9-4-88

ಕಾಲುವೆ ಬಂದ್ ಮಾಡಿ ವಾರವಾಯಿತು. ಇನ್ನು ಮಳೆಗಾಲದತನಕ ನೀರು ಬಿಡುವುದಿಲ್ಲ. ತಳದ ಗುಂಡಿಗಳಲ್ಲಿ ನಿಂತದ್ದನ್ನು ಎಮ್ಮೆಗಳೂ ನಾವೂ ಹಂಚಿಕೊಳ್ಳಬೇಕು. ಊರೊಳಗಿನ ಬಾವಿಗೆ ನಮ್ಮ ಕೊಡ ಇಳಿಯುವುದಿಲ್ಲ, ದೇವರು ಬದಲಾದರೂ. ನೀರು ಹಸಿರಾಗಿದೆ. ಅವ್ವ ಸೀರೆಯ ತುಂಡಿನಲ್ಲಿ ಸೋಸುತ್ತಾಳೆ.

ಮಸ್ಕಿ ರಸ್ತೆಯಲ್ಲಿ ಯೂನುಸನ ಸೈಕಲ್ ಅಂಗಡಿ. ನಾನು ಅಲ್ಲಿ ಪಂಕ್ಚರ್ ಹಾಕುತ್ತೇನೆ. ಮೂರು ಸಲ ಬಿಟ್ಟು ಹೋಗಿದ್ದೇನೆ, ಮೂರು ಸಲವೂ ಕರೆದಿದ್ದಾನೆ. ಇವತ್ತು ಪಾಸ್ಟರ್ ಸೈಕಲ್ ರಿಪೇರಿಗೆ ಬಂದಿತ್ತು.

"ನಿಮ್ಮ ಅಯ್ಯನ ಗಾಡಿಗೆ ಬ್ರೇಕ್ ಇಲ್ಲ ಬೇ," ಅಂದ ಯೂನುಸ. "ಮಾತಿಗೂ ಇಲ್ಲ."

ಹೊಸ ಬ್ರೇಕ್ ರಬ್ಬರ್ ಹಾಕಿ ಕಳಿಸಿದೆವು.

15-4-88

ಮುದುಕಮ್ಮನ ಮೊಮ್ಮಗ ಹೋದ. ವಾಂತಿ, ಭೇದಿ. ಬೆಳಿಗ್ಗೆ ಶುರುವಾಗಿ ಹೊತ್ತು ಮುಳುಗುವುದರೊಳಗೆ. ಪಕ್ಕದ ಮನೆ. ನಿನ್ನೆ ನನ್ನ ಹತ್ತಿರ ಹಳೆ ಟೈರು ಬೇಡಿದ್ದ.

17-4-88, ಭಾನುವಾರ

ಇನ್ನೊಂದು ಮಗು. ಅದೂ ಸಭೆಯವರದೇ. ಪಾಸ್ಟರ್ ತಾವೇ ಗುದ್ದಲಿ ಹಿಡಿದು ಕುಣಿ ತೋಡಿದರು, ಅಂಗೈಯಲ್ಲಿ ಬೊಕ್ಕೆ ಎದ್ದವು. ಅತ್ತರು ಕೂಡ. ಅದನ್ನೂ ಬರೆಯಬೇಕು.

ನಮ್ಮ ರೂತಿಗೆ ಮೈ ಬೆಚ್ಚಗಿದೆ. ನನ್ನ ತಂಗಿ, ಒಂದನೇ ಕ್ಲಾಸು. ಅತ್ತೆ ಜೀರಿಗೆ ಕುದಿಸಿ ತಂದಳು. ಅವ್ವ ಬಾಗಿಲಲ್ಲೇ ತಡೆದು ಚೆಲ್ಲಿದಳು.

19-4-88

ರೂತಿ ಹೋದಳು. ಟ್ರ್ಯಾಕ್ಟರಿನಲ್ಲಿ ಸಿಂಧನೂರಿಗೆ ಒಯ್ಯುವಾಗ, ದಾರಿಯಲ್ಲಿ. ನನ್ನ ತೊಡೆಯ ಮೇಲೆ.

27-4-88

ಬರೆಯಲು ಆಗಿರಲಿಲ್ಲ.

ಸರ್ಕಾರದ ಒಬ್ಬ ಹುಡುಗ ಬಂದು ಗುಂಡಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಕುದಿಸಿ ಕುಡಿಯಿರಿ ಎಂದು ಹೇಳಿ ಹೋದ. ಇವತ್ತಿನ ಪ್ರಾರ್ಥನೆಯಲ್ಲಿ ಎದ್ದು ನಿಂತು ಅದನ್ನೇ ಹೇಳಿದೆ. ಇದು ನೀರಿನಿಂದ ಬಂದದ್ದು. ಪಾಸ್ಟರ್ ಬೈಯಲಿಲ್ಲ. ನೀರು ಯಾರ ಕೈಯಲ್ಲಿದೆ, ಸಮುವೇಲ, ಎಂದು ಮೆಲ್ಲಗೆ ಕೇಳಿದರು. ಕಾಲುವೆ ಆಫೀಸಿನವರ ಕೈಯಲ್ಲಿ ಎಂದೆ. ಯಾರೋ ಹಿಂದಿನಿಂದ ನನ್ನ ಅಂಗಿ ಎಳೆದು ಕೂರಿಸಿದರು.

ಆಮೇಲೆ ಆಕಾನನ ಕಥೆ ಓದಿಸಿದರು. ಮುಟ್ಟಬಾರದ್ದನ್ನು ಡೇರೆಯ ನೆಲದಲ್ಲಿ ಹೂತಿಟ್ಟವನು. ಅವನೊಬ್ಬನಿಂದ ಇಡೀ ಜನ ಸೋತದ್ದು. ಚೀಟಿ ಹಾಕಿ ಕುಲ, ಮನೆ, ಮನುಷ್ಯ ಎಂದು ಹುಡುಕಿ ತೆಗೆದದ್ದು. ಕಲ್ಲೆಸೆದು ಕೊಂದದ್ದು, ಮಕ್ಕಳ ಸಮೇತ. ಓದುವಾಗ ನನ್ನ ದನಿ ಒಂದು ಕಡೆ ನಿಂತಿತು. ಅಪ್ಪನ ಕಡೆ ನೋಡಲಿಲ್ಲ. ನೋಡಬೇಕಿತ್ತೇನೋ.

ಬರುವ ಭಾನುವಾರ ನಾವೂ ಚೀಟಿ ಹಾಕುತ್ತೇವೆ ಎಂದರು. ನಮ್ಮ ನಡುವೆ ಏನೋ ಹುಗಿದಿದೆ. ಸಿಕ್ಕವರಿಗೆ ಸಭೆಯಲ್ಲೂ ಕೇರಿಯಲ್ಲೂ ಜಾಗವಿಲ್ಲ. ಯಾರೂ ನೀರು ಕೊಡುವ ಹಾಗಿಲ್ಲ.

ಎಲ್ಲರ ಕಣ್ಣೂ ಗೋಡೆಯಾಚೆಗೆ ಹೋದವು, ಅತ್ತೆ ಕೂರುವ ಕಡೆಗೆ. ಅವ್ವನವು ಮೊದಲು.

ಸಾವಿರ ತಲೆಮಾರಿಗೆ ಕೊಟ್ಟ ಮಾತು ಉಳಿಸುವ ದೇವರು, ತಂದೆಯ ತಪ್ಪಿಗೆ ಮೂರು ನಾಲ್ಕು ತಲೆಮಾರು ಬಡಿಯುವ ದೇವರು. ಎರಡೂ ಒಂದೇ ಉಸಿರಿನಲ್ಲಿ ಬರೆದಿದೆ. ಮುಖವೇ ರೂತಿಯನ್ನು ಕೊಂದಿತು ಎಂದು ನಾನು ನಂಬುವುದಿಲ್ಲ. ಆದರೆ ಆ ಒರಳುಕಲ್ಲಿನ ಮೇಲೆ ಕಾಲಿಡುವುದನ್ನು ಬಿಟ್ಟಿದ್ದೇನೆ. ಅದೂ ಸತ್ಯ.

30-4-88

ಅಪ್ಪನನ್ನು ಕೇಳಿದೆ. ಎತ್ತಿನ ಹಗ್ಗ ಹೊಸೆಯುತ್ತಿದ್ದ. ಒರಳಿನ ಕೆಳಗಿರುವುದನ್ನು ನೀನೇ ತೆಗೆದು ನಾಳೆ ಮುಂದಿಡು, ಚೀಟಿಯೇ ಬೇಡ ಎಂದೆ. ಕೈ ನಿಂತಿತು. ನನ್ನ ಮುಖ ನೋಡಲಿಲ್ಲ. ಮತ್ತೆ ಹೊಸೆಯತೊಡಗಿದ. ನಾನು ಕೇಳಿಯೇ ಇಲ್ಲ ಎಂಬಂತೆ.

ಅವನಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿದೆ. ಅವನು ನಂಬುತ್ತಾನೆ. ತಾನು ಇಟ್ಟದ್ದರಿಂದಲೇ ರೂತಿ ಸತ್ತಳೆಂದು ನಂಬುತ್ತಾನೆ. ಆದರೂ…

1-5-88, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಚೀಟಿ ಬರೆದವನು ನಾನು. ಹೋದ ವರ್ಷದ ಕ್ಯಾಲೆಂಡರ್ ಹರಿದು ತುಂಡು ಮಾಡಿದೆವು. ಎತ್ತುವುದಕ್ಕೆ ಮುದುಕಮ್ಮನನ್ನು ಕೂರಿಸಿದರು. ಅಕ್ಷರ ಬಾರದವಳು, ಮೊಮ್ಮಗನನ್ನು ಕಳೆದುಕೊಂಡವಳು. ಅವಳು ತಂಬಿಗೆಯಿಂದ ಎತ್ತಿ ಕೊಡುವುದು, ನಾನು ಓದುವುದು. ಮೊದಲು ಹೀಗೆಯೇ ಹುಲಿಗೆಮ್ಮನ ಮುಖಕ್ಕೆ ಹೂ ಹಚ್ಚಿ, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ ಎಂದು ಕೇಳುತ್ತಿದ್ದರು. ಆಗಲೂ ಎದುರಿಗೆ ಮುದುಕಮ್ಮನೇ ಕೂರುತ್ತಿದ್ದಳು.

ಮೊದಲು ಮನೆತನ. ನಮ್ಮದು ಬಂತು. ಆಮೇಲೆ ಮನೆ. ನಮ್ಮದೇ. ಯಾರೂ ಬೆರಗಾಗಲಿಲ್ಲ.

ಮೂರನೆಯ ಸಲ ನಾಲ್ಕು ಹೆಸರು ಬರೆದೆ. ಅಪ್ಪ ದಾವೀದಪ್ಪ, ಅವ್ವ ಅಯ್ಯಮ್ಮ, ನಾನು ಸಮುವೇಲ. ಸಭೆಯವಳಲ್ಲದಿದ್ದರೂ ಅಂಗಳದವಳು, ಅವಳದೂ ಬರೆ ಎಂದರು ಪಾಸ್ಟರ್. ಹುಸೇನಮ್ಮ. ಅತ್ತೆಯ ಹೆಸರನ್ನು ಕಾಗದದ ಮೇಲೆ ಬರೆದದ್ದು ಅದೇ ಮೊದಲು.

ಮುದುಕಮ್ಮ ಎತ್ತಿ ಕೊಟ್ಟಳು. ಬಿಡಿಸಿದೆ. ದಾವೀದಪ್ಪ. ಓದಿದೆ.

ಅಪ್ಪ ಚಾಪೆ ನೋಡುತ್ತಿದ್ದ. ಪಾಸ್ಟರ್ ಚೀಟಿ ಇಸಿದುಕೊಂಡು ಹಿಂದೆ ಮುಂದೆ ತಿರುವಿದರು. ಮನೆಯ ಯಜಮಾನನ ಹೆಸರು ಅಂದರೆ ಮನೆಯ ಹೆಸರು, ದೇವರು ಮನೆಯನ್ನೇ ಇನ್ನೊಮ್ಮೆ ತೋರಿಸಿದ್ದಾನೆ, ಉಳಿದ ಮೂವರಲ್ಲಿ ಎತ್ತು ಎಂದರು. ಬಂದದ್ದು ಬಂದಿದೆ ಎಂದೆ. ಹಾಕು ಎಂದರು. ಅವರಿಗೂ ಅಪ್ಪನ ಮೇಲೆ ಪ್ರೀತಿ. ಈ ಸಭೆಯ ಮೊದಲ ದೀಕ್ಷೆ ಅವನದು.

ಮತ್ತೆ ಎತ್ತಿದಾಗ ಹುಸೇನಮ್ಮ ಬಂತು. ಜನ ಉಸಿರು ಬಿಟ್ಟರು, ತಲೆಯ ಹೊರೆ ಇಳಿಸಿದಂತೆ. ಅವ್ವ ಆಗಲೇ ಎದ್ದು ನಿಂತಿದ್ದಳು.

ಆಗ ಹೇಳಿದೆ. "ಮೊದಲಿನ ಚೀಟಿ ಖರೆ ಐತಿ. ಹುಲಿಗೆಮ್ಮನ ಮುಖ ಹಿತ್ತಲದಾಗ ಒಡದ ಒರಳಿನ ಕೆಳಗೈತಿ. ಅಪ್ಪ ಇಟ್ಟಾನ. ನಾ ನೋಡೀನಿ."

ಎಲ್ಲರೂ ಹಿತ್ತಲಿಗೆ ನಡೆದರು. ಒರಳು ಉರುಳಿಸಿ ಕೆದರಿದರು. ಬಟ್ಟೆ ಕೊಳೆತಿತ್ತು. ಮುಖ ಹಸಿರುಗಟ್ಟಿತ್ತು, ಕಣ್ಣು ಮಾತ್ರ ಹಾಗೆಯೇ. ಒಬ್ಬೊಬ್ಬರೇ ತಿರುಗಿ ಅಪ್ಪನನ್ನು ನೋಡಿದರು. ಅವನ ಬಾಯಿ ತೆರೆಯಿತು. ಹೇಳುತ್ತಿದ್ದ. ಈಗಲೂ ನನಗೆ ಹಾಗೆ ಅನಿಸುತ್ತದೆ, ಹೇಳಿಯೇಬಿಡುತ್ತಿದ್ದ.

"ನಾ ಇಟ್ಟೀನಿ."

ಅತ್ತೆ. ಗುಡಿಸಿಲ ಬಾಗಿಲಲ್ಲಿ, ಕೈಗೆ ರೊಟ್ಟಿ ಹಿಟ್ಟು ಹತ್ತಿತ್ತು.

"ಅವ ಯಾಕ ಇಡ್ತಾನ? ಅಷ್ಟು ಧೈರ್ಯ ಅವನಿಗೆಲ್ಲೈತಿ? ನಾ ತೂಬಿನಾಗಿಂದ ತೆಗದು ತಂದೀನಿ. ಸೀರಿ ಕಚ್ಚಿ ಹಾಕಿದ್ದೆ. ಈ ಹುಡುಗ ನೋಡಿ ಗಂಡಸು ಅಂದಕೊಂಡಾನ."

ಒಬ್ಬಿಬ್ಬರು ನಕ್ಕರು. ಅಷ್ಟೇ ಸಾಕಾಯಿತು. ನಾನು ಸುಳ್ಳು ಎಂದೆ. ಅತ್ತೆ ಸುಳ್ಳು ಹೇಳುತ್ತಿದ್ದಾಳೆ ಎಂದು ಎರಡು ಸಲ ಕೂಗಿದೆ. ಅಪ್ಪನ ತೋಳು ಹಿಡಿದು ಹೇಳು ಎಂದೆ.

ಅಪ್ಪ ಹೇಳಿದ. "ಅಕ್ಕ ಹೇಳಿದ್ದ ಖರೆ."

ಪಾಸ್ಟರ್ ಕಣ್ಣು ಮುಚ್ಚಿ ಸ್ತೋತ್ರ ಎಂದರು. ಅಜ್ಜಿಗೆ ಕೊಟ್ಟ ಮಾತಿನ ಬಗ್ಗೆ ಯಾರೋ ಕೇಳಿದ್ದಕ್ಕೆ, ವಿಗ್ರಹದ ಮನೆಯಲ್ಲಿ ಕೊಟ್ಟ ಮಾತು ಮಾತಲ್ಲ, ದಾವೀದಪ್ಪ ಇವತ್ತಿನಿಂದ ಬಿಡುಗಡೆಯಾದ ಎಂದರು. ಹೊನ್ನಿನ ಕರುವನ್ನು ಅರೆದು ಪುಡಿ ಮಾಡಿಸಿದ ಮೋಶೆಯಂತೆ ಇದನ್ನೂ ಮಾಡಬೇಕು ಎಂದು ಸುತ್ತಿಗೆ ತರಿಸಿ ಅಪ್ಪನ ಕೈಗೆ ಕೊಟ್ಟರು. ಮುಖವನ್ನು ಒರಳಿನ ಮೇಲೆ ಇಟ್ಟರು. ಅಪ್ಪ ಎತ್ತಿ ಹೊಡೆದ. ಪೆಟ್ಟು ಕಲ್ಲಿಗೆ ಬಿತ್ತು. ಇನ್ನೊಂದು ಹೊಡೆದ. ಅದೂ ಕಲ್ಲಿಗೆ.

"ಕೊಡಿಲ್ಲಿ ಆದ್ಯಾ," ಅಂದಳು ಅತ್ತೆ. "ನಿನಗೇನ ಬರ್ತೈತಿ."

ಅವಳೇ ಹೊಡೆದಳು. ಮೊದಲು ಮೂಗು. ಆಮೇಲೆ ಒಂದು ಕಣ್ಣು, ಇನ್ನೊಂದು. ಚಪ್ಪಟೆಯಾಗುವತನಕ. ಐವತ್ತು ವರ್ಷ ತಲೆಯ ಮೇಲೆ ಹೊತ್ತದ್ದು. ಅವಳು ಅಳಲಿಲ್ಲ, ಶಪಿಸಲಿಲ್ಲ. ಬೆವರು ಒರೆಸಿಕೊಂಡಳು.

ಅವ್ವ ಕುಡುಗೋಲು ತಂದು ಅವಳ ಕೊರಳ ಸರಕ್ಕೆ ಹಾಕಿದಳು. "ನನ್ನ ರೂತಿನ್ನ ತಿಂದಿ," ಎಂದು ಎಳೆದಳು. ಮಣಿಗಳು ಗುಡಿಸಿಲ ಬಾಗಿಲತನಕ ಹಾರಿದವು. ಕೊರಳ ಮೇಲೆ ಕೆಂಪು ಗೆರೆ ಎದ್ದಿತು.

ಅವರು ಬೆಂಕಿ ಇಟ್ಟ ಅತ್ತೆಯ ಗುಡಿಸಿಲು ಬೇಗ ಉರಿಯಿತು. ಮೇಲೆ ಜೋಳದ ದಂಟು ಇತ್ತು.

2-5-88

ಅತ್ತೆ ರಸ್ತೆಯ ಬೇವಿನ ಮರದ ಕೆಳಗೆ ಕೂತಿದ್ದಳು, ಒಂದು ಗಂಟಿನ ಜೊತೆ. ಯೂನುಸ ಅಂಗಡಿಯಿಂದ ಚಹಾ ಕಳಿಸಿದ. ಕೇರಿಯವನಲ್ಲವಲ್ಲ, ಅವನಿಗೆ ತಡೆಯಿಲ್ಲ. ನಾನು ಒಯ್ದು ಕೊಟ್ಟೆ. ನನಗೆ ತಡೆ ಇತ್ತು. ಕೊಟ್ಟೆ.

ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಕೇಳುವಾಗ ಸಿಟ್ಟು ಬಂದಿತ್ತು. ನನ್ನ ಬಾಯಿಂದ ಬಂದ ಸತ್ಯವನ್ನು ನೀನು ಸುಳ್ಳು ಮಾಡಿದೆ ಎಂದೆ. ಚಹಾ ಊದಿ ಊದಿ ಕುಡಿದಳು.

"ನನ್ನ ಕೊಟ್ಟು ಅವನ್ನ ತಗಂಡ್ರು," ಅಂದಳು. "ಈಗ ಅವನ ಕೆಟ್ಟು ಬೀದಿಗೆ ಬಿದ್ರ, ನಾ ಯಾತಕ್ಕ ಹೋದಂಗಾತಲೇ? ನನ್ನ ಕಿಮ್ಮತ್ತ ಅವ."

ಪ್ರೀತಿ ಎಂದು ಹೇಳುತ್ತಾಳೆ ಅಂದುಕೊಂಡಿದ್ದೆ. ಹೇಳಲಿಲ್ಲ.

ಇನ್ನು ಮೇಲೆ ಈ ಮಾತು ಎಲ್ಲೂ ಎತ್ತುವುದಿಲ್ಲ ಎಂದು ಮಾತು ಕೊಡು ಅಂದಳು. ಕೈ ಚಾಚಿದಳು. ಕೊಡಲಿಲ್ಲ. ಯಾರಾದರೂ ಕೇಳಿದರೆ ಹೇಳುತ್ತೇನೆ ಎಂದೆ. ಅವಳು ನಕ್ಕಳು, ಕೆಂಪು ಹಲ್ಲು ಕಾಣುವ ಹಾಗೆ.

"ನಿನ್ನ ಜೋಡಿ ಯಾವ ದೇವರೂ ಸಂಸಾರ ಮಾಡಂಗಿಲ್ಲ ನೋಡು."

ಲಿಂಗಸುಗೂರಿನ ಬಸ್ ಬಂತು. ಗಂಟನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕೂತಳು. ಬರಿದಾದ ಕೊರಳನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತಿದ್ದಳು. ಕಿಟಕಿಯಿಂದ ನೋಡಲಿಲ್ಲ.

8-5-88, ಭಾನುವಾರ

ಎದ್ದು ನಿಂತು, ತಂದೆಯ ಮೇಲೆ ಸುಳ್ಳು ಸಾಕ್ಷಿ ಹೇಳಿದೆ, ಕ್ಷಮಿಸಿ ಎನ್ನು ಎಂದರು ಪಾಸ್ಟರ್. ಹಾಗೆ ಹೇಳಿದರೆ ಮತ್ತೆ ಓದಬಹುದು. ಎದ್ದು ನಿಂತೆ. ಅದನ್ನು ಹೇಳಲಿಲ್ಲ. ಕೂತೆ. ಓದುವ ಪುಸ್ತಕ ಕೈಯಿಂದ ತೆಗೆದುಕೊಂಡರು.

ಈಗ ಅವರೇ ಓದುತ್ತಾರೆ, ತಡವರಿಸುತ್ತ. ಬೇಡವೆನಿಸಿದ್ದನ್ನು ಬಿಡುತ್ತಾರೆ.

14-5-88

ಸುಟ್ಟ ಗುಡಿಸಿಲ ಜಾಗದಲ್ಲಿ ಅಪ್ಪ ಮೊಣಕಾಲೂರಿ ಕೂತಿದ್ದ. ಜರಡಿಯಲ್ಲಿ ಬೂದಿ ಹಿಡಿಯುತ್ತಿದ್ದ. ಮಣಿಗಳನ್ನು ಹೆಕ್ಕುತ್ತಿದ್ದಾನೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನನ್ನು ನೋಡಿದ. ಆ ದಿನದಿಂದ ಮೊದಲ ಸಲ ಮಾತಾಡಿದ.

"ಅದನ್ನ ನೀರಿಗಿ ಹಾಕಿದ್ರ ನಾನೂ ಹೋಗ್ತೀನಿ ಅನಿಸಿತ್ತಲೇ. ಆಕಿ ಕೊಟ್ಟ ಜೀವ ಇದು."

"ಯಾರು ಕೊಟ್ಟಿದ್ದು? ಹುಲಿಗೆಮ್ಮನೋ, ಅತ್ತಿಯೋ?"

ಜರಡಿ ಅಲ್ಲಾಡಿಸಿದ. ಸಂಜೆ ಪ್ರಾರ್ಥನೆಯಲ್ಲಿ ಅವನೇ ಮುಂದೆ ನಿಂತು ಸ್ತೋತ್ರ ಹೇಳಿದ. ಮಣಿಗಳು ಅವನ ಜೇಬಿನಲ್ಲಿದ್ದವು, ಸದ್ದು ಕೇಳುತ್ತಿತ್ತು. ಬೇರೆ ಯಾರಿಗೂ ಕೇಳಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ.

21-5-88

ಯೂನುಸನ ಮಾವ ಚಾಂದ್‌ಪಾಷಾ ಟೆಂಪೋ ಹೊಡೆಯುತ್ತಾನೆ. ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆಯನ್ನು ನೋಡಿದನಂತೆ. ಮುಂದೆ ಅಲ್ಯುಮಿನಿಯಂ ತಟ್ಟೆ. ಪಡಲಗಿ ಇಲ್ಲ, ಮುತ್ತಿಲ್ಲ, ಬರೀ ಮುದುಕಿ. ಹಾಗೆ ಕೂತರೆ ಯಾರೂ ಹಾಕುವುದಿಲ್ಲ ಎಂದ.

ಚಹಾ ಕುಡಿಸಿದನಂತೆ. ಸಕ್ಕರೆ ಕಡಿಮೆ ಎಂದು ಬೈದಳಂತೆ. ಆಮೇಲೆ, ಕೇರಿಯಲ್ಲಿ ಹುಡುಗರು ಸಾಯುವುದು ನಿಂತಿತೇ ಎಂದು ಕೇಳಿದಳಂತೆ. ಇವನಿಗೇನು ಗೊತ್ತು, ಸಮಾಧಾನವಾಗಲಿ ಎಂದು, ನಿಂತಿತು, ಎಲ್ಲ ಚಲೋ ಇದ್ದಾರೆ ಎಂದನಂತೆ.

ಅದಕ್ಕೆ ಅತ್ತೆ ಅಂದ ಮಾತನ್ನು ಚಾಂದ್‌ಪಾಷಾ ಹಾಗೆಯೇ ಹೇಳಿದ. ಎರಡು ಸಲ ಹೇಳಿಸಿಕೊಂಡೆ.

"ಹಂಗಾದ್ರ ಖರೇನ ನಾನ ಇದ್ನೇನೋ."

ಆ ದಿನ ಹಿತ್ತಲಲ್ಲಿ ಸುಳ್ಳು ಹೇಳಿದವಳು. ಈಗ ಮಕ್ಕಳು ಸತ್ತದ್ದು ತನ್ನಿಂದಲೇ ಎಂದು ನಂಬುತ್ತಿದ್ದಾಳೆ.

ಇವತ್ತು ಎರಡು ಟ್ಯೂಬು ಹಾಳು ಮಾಡಿದೆ.

26-5-88

ಮತ್ತೊಂದು ಮಗು. ಪಕೀರಮ್ಮನ ಮಗಳು, ಇನ್ನೂ ಅಂಬೆಗಾಲು. ಅದೇ ವಾಂತಿ, ಅದೇ ಭೇದಿ. ಬ್ಲೀಚಿಂಗ್ ಪೌಡರ್ ಯಾವತ್ತೋ ಮುಗಿದಿದೆ. ಕುದಿಸಲು ಕಟ್ಟಿಗೆ ಯಾರ ಹತ್ತಿರ ಇದೆ?

ಪಾಸ್ಟರ್ ಬಂದರು. ಕುಣಿ ತೋಡಿದರು. ಅವರ ಮುಖ ನೋಡಲು ಆಗಲಿಲ್ಲ. ಮಣ್ಣು ಎಳೆಯುವಾಗ ಯಾರೋ ಕೇಳಿದರು, ಅವಳು ಹೋದಳಲ್ಲ, ಈಗ ಯಾರು? ಉತ್ತರ ಕೊಟ್ಟವಳು ಅವ್ವ. ಹೆತ್ತ ತಂದೆಯ ಮೇಲೆ ಸುಳ್ಳು ಹೇಳಿದವನು ಇನ್ನೂ ಇಲ್ಲೇ ಇದ್ದಾನಲ್ಲ, ಎಂದಳು. ಮೆಲ್ಲಗೆ, ಯಾರಿಗೋ ದಾರಿ ತೋರಿಸುವ ಹಾಗೆ.

ಭಾನುವಾರ ಮತ್ತೆ ಚೀಟಿ.

28-5-88, ಶನಿವಾರ. ಸಂಜೆ

ಈ ಸಲ ಚೀಟಿ ಬರೆಯುವವನು ನಾನಲ್ಲ. ಪಾಸ್ಟರೇ ಬರೆಯುತ್ತಾರೆ. ಯಾವ ಹೆಸರು ಬರುತ್ತದೆಂದು ಎಲ್ಲರಿಗೂ ಗೊತ್ತು. ಬರದಿದ್ದರೆ ಇನ್ನೊಮ್ಮೆ ಎತ್ತುತ್ತಾರೆ.

ಅಪ್ಪನನ್ನು ಕೊನೆಯ ಸಲ ಕೇಳಿದೆ, ನಾಳೆಯಾದರೂ ಹೇಳುತ್ತೀಯಾ ಎಂದು. ಕೈ ಜೇಬಿಗೆ ಹೋಯಿತು. ಮಣಿಗಳ ಸದ್ದು. ಅಷ್ಟೇ.

ಅವ್ವ ಊಟಕ್ಕೆ ಕರೆಯಲಿಲ್ಲ. ರೂತಿಯ ತಟ್ಟೆಯನ್ನು ಇನ್ನೂ ನಮ್ಮ ತಟ್ಟೆಗಳ ಜೊತೆ ತೊಳೆದಿಡುತ್ತಾಳೆ.

ಹೆದರಿ ಓಡಿದ, ಆದ್ದರಿಂದ ತಪ್ಪು ಅವನದೇ ಎಂದು ನಾಳೆ ಹೇಳುತ್ತಾರೆ. ಹೆದರಿಕೆ ಸ್ವಲ್ಪ ಇದೆ. ಆದರೆ ಹೋಗುತ್ತಿರುವುದು ಅದಕ್ಕಲ್ಲ. ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳಿಗೆ ಹೇಳಬೇಕು. ನಿಂತಿಲ್ಲ ಅತ್ತೆ. ಪಕೀರಮ್ಮನ ಮಗುವೂ ಹೋಯಿತು. ನೀನಲ್ಲ. ಇಂಥ ಸುದ್ದಿಯನ್ನು ಒಳ್ಳೆಯ ಸುದ್ದಿಯಂತೆ ಹೊತ್ತುಕೊಂಡು ಹೋಗುವವನು ಎಂಥವನು, ನನಗೆ ಗೊತ್ತಿಲ್ಲ.

ಯೂನುಸನಿಗೆ ಅಂಗಡಿಯ ಕೀಲಿ ಕೊಟ್ಟು ಬಂದೆ. ನಾಲ್ಕನೇ ಸಲ ಕರೆಯುವುದಿಲ್ಲ ಬೇ ಎಂದ.

ನಾಳೆ ಮೊದಲ ಬಸ್ಸಿಗೆ ಹೋಗುತ್ತೇನೆ.